ದ್ಯಾವಮ್ಮಾರ, ಕೈ ಹಿಚುಕ್ರಿ

ಹೋದ ತಿಂಗಳು ರಾಯಚೂರಿನ ಒಂದು ಕ್ಲಿನಿಕ್ಕಿನಲ್ಲಿ ಬಿಪಿ ತೋರಿಸಿಕೊಳ್ಳಲು ಕೂತಿದ್ದೆ. ನರ್ಸು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಹಳೆಯ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ತೋಳು ಬಿಗಿದು ಬೆರಳ ತುದಿ ಜುಮುಜುಮು ಅನ್ನತೊಡಗಿದ್ದೇ ತಡ, ನನ್ನ ಮುಷ್ಟಿ ತಾನಾಗಿ ಮುಚ್ಚಿಕೊಂಡಿತು. "ಕೈ ಸಡ್ಲ ಬಿಡ್ರಿ ಮೇಡಂ, ಹಿಂಗ ಹಿಚುಕಬ್ಯಾಡ್ರಿ, ರೀಡಿಂಗ್ ತಪ್ಪತದ," ಅಂದಳು ಆಕೆ. ಆಮೇಲೆ ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂತ ಏನೇನೋ ಹೇಳಿದರು. ನನ್ನ ತಲೆಯಲ್ಲಿ ಮಾತ್ರ ಅರಕೇರಾದ ದ್ಯಾವಮ್ಮ ಬಂದು ಕೂತುಬಿಟ್ಟಿದ್ದಳು. ಆಕೆಯ ಜೊತೆಗೇ ಆ ಒಂದು ಬೇಸಿಗೆಯೂ ಬಂತು.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನಾನು ಅನುಮಾನದ ಪ್ರಾಣಿ. ಮಾನ್ವಿಯಲ್ಲಿ ನಮ್ಮವ್ವ ಹಾಲಿನವನ ಮುಂದೆಯೇ ಹಾಲಿಗೆ ಬೆರಳು ಅದ್ದಿ ನೋಡುತ್ತಿದ್ದಳು. ಆ ರಕ್ತವೇ ನನ್ನಲ್ಲೂ ಹರಿದಿದೆ. ಯಾರಾದರೂ "ನಿಜವಾಗ್ಲೂ" ಅಂತ ಶುರು ಮಾಡಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಓದಿದ್ದು ಮನಃಶಾಸ್ತ್ರ, ಕೆಲಸ ರಾಯಚೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಬೇಸಿಗೆ ಬಂದ ಕೂಡಲೇ ಎದ್ದು ಹೋಗಬೇಕಾದವಳು ಅಂತ ಅರ್ಥ. ಅಂಥ ಒಂದು ರಜೆಯ ಹೊಸ್ತಿಲಲ್ಲಿ ಪ್ರದೀಪ ಸಿಕ್ಕಿದ.

ಪ್ರದೀಪ ಮೈಸೂರಿನ ಕಡೆಯ ಹುಡುಗ. ಮೆದುಳಿನ ಬಗ್ಗೆ ಸಂಶೋಧನೆ ಮಾಡುವವನು. ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆ ಬೇಸಿಗೆಯಿಂದ ಮಳೆಗಾಲದ ತನಕ ಅವನ ಕೆಲಸ. ಅವನ ಕನ್ನಡ ಇಲ್ಲಿನ ಪೇಷಂಟುಗಳಿಗೆ ರೇಡಿಯೋ ವಾರ್ತೆಯ ಹಾಗೆ ಕೇಳುತ್ತಿತ್ತು. ಅವನು ಕೇಳಿದ್ದಕ್ಕೆಲ್ಲ ಅವರು ಹೂಂ ಅನ್ನುತ್ತಿದ್ದರು, ಒಂದೂ ತಿಳಿಯುತ್ತಿರಲಿಲ್ಲ. ಅದಕ್ಕೇ ಊರಿನ ಮಾತಿನವರು ಒಬ್ಬರು ಬೇಕಾಗಿತ್ತು.

ಮೊದಲ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗರಣಿ ಮಿರ್ಚಿ ತಿನ್ನುತ್ತಾ ಅವನು ನನಗೆ ಪಾಠ ಮಾಡಿದ. ಅರಿವು ಅನ್ನುವುದು ಮೆದುಳಿನಲ್ಲಿ ಹೇಗೆ ಹುಟ್ಟುತ್ತದೆ ಅಂತ ವಿಜ್ಞಾನಿಗಳಲ್ಲಿ ದೊಡ್ಡ ಜಗಳವಂತೆ. ಒಂದು ಗುಂಪಿನವರ ಪ್ರಕಾರ, ಮೆದುಳಿನ ಒಂದು ಮೂಲೆಗೆ ಬಂದ ಸುದ್ದಿ ಊರಿಗೆಲ್ಲ ಡಂಗುರ ಸಾರಿದ ಹಾಗೆ ಉಳಿದ ಭಾಗಗಳಿಗೂ ತಲುಪಿದರೆ ಮಾತ್ರ ಅದು ನಮಗೆ ಅರಿವಾಗುತ್ತದೆ. ಇನ್ನೊಂದು ಗುಂಪು ಡಂಗುರ ಮುಖ್ಯವಲ್ಲ, ಭಾಗಗಳು ಒಂದರೊಳಗೊಂದು ಎಷ್ಟು ಹೆಣೆದುಕೊಂಡಿವೆಯೋ ಅಷ್ಟು ಅರಿವು ಅನ್ನುತ್ತದೆ. ಅರಿವಿನ ಮನೆ ಮೆದುಳಿನ ಮುಂಭಾಗದಲ್ಲಿದೆ ಅನ್ನುವವರೂ ಇದ್ದಾರೆ, ಹಿಂಭಾಗದಲ್ಲಿದೆ ಅನ್ನುವವರೂ ಇದ್ದಾರೆ.

"ಅಂದ್ರ ಯಾರಿಗೂ ಗೊತ್ತಿಲ್ಲ ಅಂತ ಆತು," ಅಂದೆ.

ಅವನು ಮಿರ್ಚಿಯ ಖಾರಕ್ಕೋ ನನ್ನ ಮಾತಿಗೋ ಕೆಮ್ಮಿದ. "ಗೊತ್ತು ಮಾಡ್ಕೊಳ್ಳೋಕೇ ಬಂದಿರೋದು ಮೇಡಂ. ಅರಿವಳಿಕೆ ಕೊಟ್ಟಾಗ ಅರಿವು ಆರುತ್ತೆ, ಆಮೇಲೆ ಮತ್ತೆ ಹತ್ತುತ್ತೆ. ಆರುವಾಗ ಮೆದುಳಲ್ಲಿ ಏನು ಬದಲಾಗುತ್ತೆ ಅಂತ ಹಿಡಿದರೆ, ಅರಿವು ಏನು ಅಂತ ಸ್ವಲ್ಪನಾದರೂ ಹಿಡಿದ ಹಾಗೆ."

ಕೇಳಲು ಚಂದ. ಆದರೆ ಅವರಿಗೊಂದು ತೊಡಕಿತ್ತು. ದೊಡ್ಡ ಆಪರೇಷನ್ನಿನಲ್ಲಿ ಅರಿವಳಿಕೆಯ ಜೊತೆ ಸ್ನಾಯುಗಳನ್ನು ಸಡಿಲ ಮಾಡುವ ಔಷಧಿಯನ್ನೂ ಕೊಡುತ್ತಾರೆ. ಮೈಯ ಒಂದು ಕೂದಲೂ ಅಲುಗುವುದಿಲ್ಲ. ಉಸಿರಾಟವನ್ನೂ ಮೆಷೀನೇ ಮಾಡಿಸಬೇಕು. ಅಂಥ ಹೊತ್ತಿನಲ್ಲಿ ಅಪರೂಪಕ್ಕೆ ಯಾರಾದರೂ ಒಳಗೆ ಎಚ್ಚರವಿದ್ದರೆ ಹೊರಗಿನವರಿಗೆ ತಿಳಿಯುವ ದಾರಿಯಿಲ್ಲ. ಇದಕ್ಕೆ ಹಳೆಯದೊಂದು ಉಪಾಯವಿದೆಯಂತೆ. ಸ್ನಾಯು ಸಡಿಲಿಸುವ ಔಷಧಿ ಕೊಡುವ ಮೊದಲೇ ಒಂದು ತೋಳಿಗೆ ಬಿಪಿ ಪಟ್ಟಿಯಂಥದನ್ನು ಕಟ್ಟಿ ಗಾಳಿ ತುಂಬುತ್ತಾರೆ. ರಕ್ತ ಆ ಕೈಗೆ ಇಳಿಯದೆ ಔಷಧಿಯೂ ಇಳಿಯುವುದಿಲ್ಲ. ಇಡೀ ಮೈ ಮಲಗಿದರೂ ಆ ಒಂದು ಕೈ ಸ್ವಲ್ಪ ಹೊತ್ತು ಸ್ವತಂತ್ರ. ಆಗ ಕೈ ಹಿಡಿದು "ಕೇಳಿಸಿದರೆ ಹಿಚುಕಿ" ಅನ್ನುವುದು. ಹಿಚುಕಿದರೆ ಒಳಗೆ ಯಾರೋ ಇದ್ದಾರೆ, ಹಿಚುಕದಿದ್ದರೆ ಇಲ್ಲ.

ಹಿಚುಕದಿದ್ದರೆ ಇಲ್ಲ ಅನ್ನುವುದು ನನಗೆ ಆಗಲೇ ಗಂಟಲಲ್ಲಿ ಸಿಕ್ಕಿಕೊಂಡಿತು. ನಮ್ಮ ಕ್ಲಾಸಿನಲ್ಲಿ ಹಾಜರಿ ಕರೆದಾಗ ಓಗೊಡದ ಹುಡುಗರೆಲ್ಲ ಗೈರುಹಾಜರಾಗಿರುತ್ತಾರೆಯೇ? ಹಿಂದಿನ ಬೆಂಚಿನಲ್ಲೇ ಕೂತಿರುತ್ತಾರೆ.

ನನ್ನ ಕೆಲಸ ಇಷ್ಟು. ಆಪರೇಷನ್ನಿನ ಹಿಂದಿನ ದಿನ ಪೇಷಂಟಿಗೆ ಇದೆಲ್ಲ ತಿಳಿಸಿ ಒಪ್ಪಿಗೆ ಪಡೆಯುವುದು, ಅವರ ಹೆಸರು ಸೇರಿಸಿ ಆ 'ಕೈ ಹಿಚುಕ್ರಿ' ಮಾತನ್ನು ನನ್ನ ಧ್ವನಿಯಲ್ಲಿ ರೆಕಾರ್ಡ್ ಮಾಡುವುದು, ಎಚ್ಚರವಾದ ಮೇಲೆ ಮೂರು ಪ್ರಶ್ನೆ ಕೇಳುವುದು. ನಿದ್ದೆ ಹೋಗುವ ಮುಂಚೆ ಕಡೆಯದಾಗಿ ಏನು ನೆನಪಿದೆ? ಎದ್ದ ಮೇಲೆ ಮೊದಲು ಏನು ನೆನಪಿದೆ? ನಡುವೆ ಏನಾದರೂ? ಥಿಯೇಟರಿನ ಒಳಗೆ ನಾನು ಹೋಗುವಂತಿರಲಿಲ್ಲ. ನನ್ನ ಧ್ವನಿ ಮಾತ್ರ ಇಯರ್‌ಫೋನಿನಲ್ಲಿ ಒಳಗೆ ಹೋಗುತ್ತಿತ್ತು, ಕೈ ಹಿಡಿಯುತ್ತಿದ್ದವಳು ಸಿಸ್ಟರ್ ರೂತ್.

ಆ ಬೇಸಿಗೆ ರಾಯಚೂರು ಎಂದಿನಂತೆ ಕಾದ ಹಂಚಾಗಿತ್ತು. ಕೋಟೆ ಗುಡ್ಡದ ಬಂಡೆಗಳು ರಾತ್ರಿಯೂ ಬಿಸಿ ಉಗುಳುತ್ತಿದ್ದವು. ಆಸ್ಪತ್ರೆಯ ವರಾಂಡದ ತುಂಬಾ ಪೇಷಂಟುಗಳ ಕಡೆಯವರು ಒದ್ದೆ ಟವೆಲ್ ಹೊದ್ದು ಮಲಗಿರುತ್ತಿದ್ದರು. ನಾನು ಅವರನ್ನು ದಾಟಿ ಹೋಗಿ ನನ್ನ ಪ್ರಶ್ನೆ ಕೇಳುತ್ತಿದ್ದೆ. ಎಲ್ಲರದೂ ಒಂದೇ ಉತ್ತರ: "ಏನೂ ಗೊತ್ತಾಗ್ಲಿಲ್ರಿ." ಯಾರೂ ಹಿಚುಕಲಿಲ್ಲ. ಪ್ರದೀಪನ ಮುಖ ದಿನದಿನಕ್ಕೆ ಬಾಡುತ್ತಿತ್ತು. ಅವನಿಗೆ ಯಾರಾದರೂ ಎಚ್ಚರಾಗಲಿ ಅಂತ ಒಳಗೊಳಗೆ ಆಸೆ ಇದೆಯೇನೋ ಅಂತ ನನಗೆ ಗುಮಾನಿ. ಅರಿವಳಿಕೆ ಡಾಕ್ಟರು ಶಾಹೀನ್ ಮೇಡಂಗೆ ಇದೇ ಸಮಾಧಾನ. "ಅರೆ ಸರೋಜಾ, ಯಾರೂ ಹಿಚುಕಲಿಲ್ಲ ಅಂದ್ರ ನನ್ನ ಕೆಲಸ ಬರೋಬರಿ ಅದ ಅಂತ ಅರ್ಥ," ಅನ್ನುತ್ತಿದ್ದರು. ರಾಯಚೂರಿನವರೇ ಆದ ಅವರು ಕೈಗುಣಕ್ಕೆ ಹೆಸರಾದವರು.

ಆಗ ಬಂದಳು ದ್ಯಾವಮ್ಮ. ದೇವದುರ್ಗ ಕಡೆಯ ಅರಕೇರಾದವಳು, ಐವತ್ತರ ಆಸುಪಾಸು. ಕರುಳು ಒಂದು ಕಡೆ ಬಿಗಿದುಕೊಂಡು ಉಂಡದ್ದು ಮುಂದೆ ಹೋಗುತ್ತಿರಲಿಲ್ಲ. ಆ ತುಂಡು ತೆಗೆದು, ಕೆಲವು ತಿಂಗಳ ಮಟ್ಟಿಗೆ ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಅಂಟಿಸಿ, ಆಮೇಲೆ ಎರಡನೇ ಆಪರೇಷನ್ನಿನಲ್ಲಿ ಜೋಡಿಸುವುದು ಅಂತ ತೀರ್ಮಾನವಾಗಿತ್ತು. ಆಕೆಯ ಮಂಚದ ಮೇಲೆ ಕೂತು ತೋಳಿನ ಪಟ್ಟಿ, ಮೆದುಳಿನ ಅಲೆ ಹಿಡಿಯಲು ತಲೆಗೆ ಹಚ್ಚುವ ವೈರು, ಎಲ್ಲ ಹೇಳಿದೆ. ಆಕೆ ನನಗಿಂತ ಹೆಚ್ಚು ಅನುಮಾನದವಳು.

"ತಲಿಗೆ ವೈರ್ ಹಚ್ತೀರಂತ. ನನ್ನ ಮನಸಿನ್ಯಾಗಿಂದು ಕಾಣಸ್ತದೇನ್ರಿ?"

"ಇಲ್ಲ ಬಿಡ್ರಿ. ಬರೇ ಗೆರಿ ಕಾಣಸ್ತಾವ."

"ಗೆರಿ ನೋಡಿ ಏನ್ ಮಾಡ್ತೀರಿ?"

ನಾನು ಮಾತು ತೇಲಿಸಿ ಆಕೆಯ ಕೈ ಹಿಡಿದು ತೋರಿಸಿದೆ. ಜೋಳದ ರೊಟ್ಟಿ ತಟ್ಟಿ ತಟ್ಟಿ ಗಟ್ಟಿಯಾದ ಅಂಗೈ. "ಹಿಂಗ ಹಿಡದಿರ್ತೀವಿ. ನಿಮಗ ಕೇಳಿಸಿದ್ರ ಹಿಚುಕ್ರಿ, ಅಷ್ಟ." ಆಕೆ ನನ್ನ ಕೈಯನ್ನು ಮೂಳೆ ಲಟಕ್ಕೆನ್ನುವ ಹಾಗೆ ಹಿಚುಕಿ, "ಸಾಕೇನ್ರಿ?" ಅಂತ ನಕ್ಕಳು. ಗಂಡ ಹನುಮಂತ ಬಾಗಿಲಲ್ಲಿ ನಿಂತು ಅವನೂ ನಕ್ಕ.

ಆಪರೇಷನ್ ಮುಗಿಯಿತು. ಹಿಚುಕಲಿಲ್ಲ ಅಂತ ಪ್ರದೀಪ ವರದಿ ಮಾಡಿದ. ಮರುದಿನ ನನ್ನ ಮೂರನೆಯ ಪ್ರಶ್ನೆಗೆ ದ್ಯಾವಮ್ಮ ಸೂರು ನೋಡುತ್ತಾ ಮೆಲ್ಲಗೆ ಹೇಳಿದಳು: "ನಾ ಎಚ್ಚರಿದ್ನೆಲ್ರಿ."

ಗಂಟಲಲ್ಲಿ ಏನೋ ತುರುಕಿದ್ದರಂತೆ. ಕಣ್ಣು ತೆರೆಯಲು ಆಗಲಿಲ್ಲವಂತೆ, ಉಸಿರು ತನ್ನದಲ್ಲ ಅನ್ನಿಸಿತಂತೆ. ಹೊಟ್ಟೆಯ ಮೇಲೆ ತಣ್ಣಗೆ ಏನನ್ನೋ ಸವರಿದರಂತೆ. ನೋವಿರಲಿಲ್ಲ, ಭಯ ಮಾತ್ರ. ಆಮೇಲೆ ಎಲ್ಲ ಕತ್ತಲೆ. "ಮಣ್ಣಾಗ ಇಟ್ಟು ಮುಚ್ಚಾಕತ್ತಾರ, ನಾ ಇನ್ನಾ ಜೀವಂತ ಅದೀನಿ, ಹಂಗ ಆತ್ರಿ," ಅಂದಳು. ಹೇಳುವಾಗ ಆಕೆಯ ಕಾಲ್ಬೆರಳು ಅಲುಗುತ್ತಿದ್ದವು. ಅಲುಗುತ್ತವೆಯೋ ಇಲ್ಲವೋ ಅಂತ ಆಕೆ ಆಗಾಗ ನೋಡಿಕೊಳ್ಳುತ್ತಿದ್ದಳು.

"ಮತ್ತ ಕೈ ಯಾಕ ಹಿಚುಕಲಿಲ್ರಿ?" ಅಂದೆ.

ಆಕೆ ಹನುಮಂತನ ಕಡೆ ಒಮ್ಮೆ ನೋಡಿ ಗೋಡೆಯ ಕಡೆ ತಿರುಗಿಬಿಟ್ಟಳು.

ಯಾರೂ ನಂಬಲಿಲ್ಲ. ಅದು ಎಚ್ಚರಾಗುವ ಹೊತ್ತಿನ ಕನಸು ಅಂತ ಸರ್ಜನ್ ಕೈ ಕೊಡವಿದರು. ತಲೆಯ ಗೆರೆಗಳು ನಿದ್ದೆಯ ಗೆರೆಗಳೇ, ಕೈಯೂ ಹಿಚುಕಿಲ್ಲ, ಎರಡು ಸಾಕ್ಷಿ ಒಂದು ಕಡೆ ಇವೆ ಅಂತ ಪ್ರದೀಪ. ಶಾಹೀನ್ ಮೇಡಂ ಮುಖ ಕಪ್ಪಿಟ್ಟಿತು. "ಯಾರರ ಹೇಳಿಕೊಟ್ಟಾರೇನ ನೋಡು ಸರೋಜಾ. ನಾಳಿ ಕಂಪ್ಲೇಂಟ್ ಅಂತ ಬಂದ್ರ?" ಅಂದರು. ಅವರಿಗೆ ಆಕೆಯ ಮೇಲೆ ಶಂಕೆ, ಅದಕ್ಕಿಂತ ಹೆಚ್ಚು ತಮ್ಮ ಔಷಧಿಯ ಅಳತೆಯ ಮೇಲೆ. ನಾನು? ನಾನೂ ನಂಬಲಿಲ್ಲ ಅನ್ನುವುದೇ ಸರಿ. ವಾರ್ಡಿನಲ್ಲಿ ಟಿವಿ ಇದೆ, ಬಾಯಿಗಳಿವೆ, ಆಪರೇಷನ್ನಿನ ಕತೆಗಳು ಮಂಚದಿಂದ ಮಂಚಕ್ಕೆ ಹರಿದಾಡುತ್ತವೆ. ಗಂಟಲಿನ ನಳಿಕೆ, ಹೊಟ್ಟೆಗೆ ಸವರುವ ಔಷಧಿ ಇವೆಲ್ಲ ಯಾರು ಬೇಕಾದರೂ ಹೇಳಬಹುದಾದ ಸಂಗತಿಗಳು.

ದ್ಯಾವಮ್ಮ ಚೀಲ ಹಚ್ಚಿಕೊಂಡು ಊರಿಗೆ ಹೋದಳು. ಮುಂಗಾರು ಹಿಡಿಯುವ ಹೊತ್ತಿಗೆ ಎರಡನೇ ಆಪರೇಷನ್ನಿಗೆ ಬರಬೇಕಿತ್ತು. ಬರಲಿಲ್ಲ. ಫೋನ್ ಮಾಡಿದರೆ ಹನುಮಂತ, "ಆಕಿ ಬರಂಗಿಲ್ಲಂತಾಳ್ರಿ. ಸಾಯೂತನ ಚೀಲ ಇದ್ರೂ ಇರ್ಲಿ, ಆ ಮಂಚದ ಮ್ಯಾಲ ಮಾತ್ರ ಮಲಗಂಗಿಲ್ಲಂತ," ಅಂದ.

ಇದು ನನ್ನನ್ನು ಕುಟುಕಿತು. ಸುಳ್ಳು ಹೇಳುವವರು ಇಷ್ಟು ಕಷ್ಟಕ್ಕೆ ಬೀಳುವುದಿಲ್ಲ. ಒಂದು ಬೆಳಿಗ್ಗೆ ಬಸ್ಸು ಹತ್ತಿ, ದೇವದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಅರಕೇರಾಕ್ಕೆ ಹೋದೆ. ಮೊದಲ ಮಳೆ ಬಿದ್ದು ಕರಿನೆಲ ಚಪ್ಪಲಿಗೆ ಅಂಟುತ್ತಿತ್ತು. ಗುಳೆ ಹೋದವರು ಬಿತ್ತನೆಗೆ ಅಂತ ವಾಪಸ್ಸು ಬಂದಿದ್ದರು. ಒಂದು ಮನೆಯ ಮುಂದೆ ಮದುವೆಯ ಚಪ್ಪರ, ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಆ ಸಾಲಿನ ಮೊದಲ ಒಲೆ ಯಾವಾಗಲೂ ದ್ಯಾವಮ್ಮನದಂತೆ. ಊರಲ್ಲಿ ಯಾವ ಮದುವೆಯ ರೊಟ್ಟಿಯೂ ಆಕೆಯಿಲ್ಲದೆ ಆಗುತ್ತಿರಲಿಲ್ಲವಂತೆ. ಈಗ ಆಕೆ ತನ್ನ ಮನೆಯ ಹಿತ್ತಲಲ್ಲಿ ಒಬ್ಬಳೇ ಕೂತು ಆ ಬಡಿತದ ಸದ್ದು ಕೇಳುತ್ತಿದ್ದಳು.

"ವಾಸನಿ ಬರ್ತದ ಅಂತ ಯಾರೂ ಅನ್ನಂಗಿಲ್ಲ. ನಾನಾ ಹೋಗಂಗಿಲ್ಲ," ಅಂದಳು.

ಹನುಮಂತ ಚಹಾಪುಡಿ ತರಲು ಅಂಗಡಿಗೆ ಹೋದ. ಅವನು ಮರೆಯಾಗುವುದನ್ನೇ ಕಾಯುತ್ತಿದ್ದವಳಂತೆ ಆಕೆ ಇತ್ತ ತಿರುಗಿದಳು. 'ಮೇಡಂ', 'ನೀವು' ಅನ್ನುವುದೆಲ್ಲ ಎಲ್ಲಿಯೋ ಹೋಗಿ ಏಕವಚನ ಬಂತು.

"ನೀ ಆವತ್ತ ಕೇಳಿದಿ, ಯಾಕ ಹಿಚುಕಲಿಲ್ಲ ಅಂತ. ಆತನ ಮುಂದ ಹೆಂಗ ಹೇಳ್ಲಿ? ಕಿವಿಯಾಗ ನಿನ್ನ ಧ್ವನಿ, 'ದ್ಯಾವಮ್ಮಾರ, ನನ್ನ ಮಾತು ಕೇಳಿಸಿದ್ರ ನನ್ನ ಕೈ ಹಿಚುಕ್ರಿ' ಅಂತ. ಖರೆ ಹೌದಿಲ್ಲ?"

"ಹೌದ್ರಿ."

"ಕೈ ಮಾತ್ರ ನಿಂದಲ್ಲ. ಗಂಡಸಿನ ಕೈ ಅದು. ದೊಡ್ಡದು, ಒಂದು ಬೆರಳಾಗ ದಪ್ಪನ್ನ ಉಂಗುರ. ಧ್ವನಿ ಹೆಣ್ಣಿಂದು, ಕೈ ಗಂಡಸಿಂದು. ಯಾರೋ ನನಗ ಮೋಸ ಮಾಡಾಕತ್ತಾರ ಅಂತ ತಿಳಕೊಂಡೆ. ಪರಗಂಡಸಿನ ಕೈ ನಾ ಯಾಕ ಹಿಚುಕ್ಲಿ ಯವ್ವಾ? ಮತ್ತಮತ್ತ ನಿನ್ನ ಧ್ವನಿ ಬಂತು. ನಾ ಬೆರಳು ಅಲಗಸದ ಸುಮ್ನ ಇದ್ದುಬಿಟ್ಟೆ."

ಒಂದು ಕ್ಷಣ ನಂಬಿಬಿಟ್ಟೆ. ಆದರೂ ಅನುಮಾನ ಬಿಡಬೇಕಲ್ಲ! ಯಾಕೆಂದರೆ ಒಳಗೆ ಕೈ ಹಿಡಿಯುತ್ತಿದ್ದವಳು ಸಿಸ್ಟರ್ ರೂತ್. ಅದು ಆಸ್ಪತ್ರೆಯಲ್ಲೆಲ್ಲ ಗೊತ್ತಿದ್ದ ವಿಷಯ, ನನಗೂ ಅಷ್ಟೇ ಗೊತ್ತು. ಹೀಗಾಗಿ ದ್ಯಾವಮ್ಮನ ಮಾತು ಒಂದೋ ಪೂರಾ ಸುಳ್ಳು, ಇಲ್ಲಾ ಆವತ್ತು ಬೇರೆಯವರು ಕೈ ಹಿಡಿದಿದ್ದರೆ ಪೂರಾ ಸತ್ಯ. ಚಹಾ ಕುಡಿದ ಶಾಸ್ತ್ರ ಮಾಡಿ, ಕವಿತಾಳದ ಕಡೆಯಿಂದ ಬಂದ ಒಂದು ಟೆಂಪೋ ಹತ್ತಿ ದೇವದುರ್ಗಕ್ಕೆ ಬಂದೆ. ಅಲ್ಲಿಂದ ರಾಯಚೂರಿನ ತನಕ ಬಸ್ಸಿನಲ್ಲಿ ನಾನು ಕೂತಿದ್ದೇ ನೆನಪಿಲ್ಲ.

ಪ್ರದೀಪ ಲ್ಯಾಪ್‌ಟಾಪಿನ ಮುಂದೆ ಗೆರೆಗಳನ್ನು ನೋಡುತ್ತಾ ಕೂತಿದ್ದ. ನಾನು ಪೀಠಿಕೆ ಹಾಕದೆ ಕೇಳಿದೆ: "ದ್ಯಾವಮ್ಮನ ಆಪರೇಷನ್ ದಿವಸ ಕೈ ಹಿಡಕೊಂಡವರು ಯಾರು?"

"ಯಾಕೆ ಮೇಡಂ? ಅವತ್ತು ರೂತ್ ಸಿಸ್ಟರ್ ಬಂದಿರಲಿಲ್ಲ. ತಂಗಿ ನಿಶ್ಚಿತಾರ್ಥ ಅಂತ ಮಾನ್ವಿಗೆ ಹೋಗಿದ್ರು. ನಾನೇ ಹಿಡಿದಿದ್ದೆ. ಯಾರು ಹಿಡಿದರೇನು?"

ಅವನ ಬಲಗೈಯ ಬೆರಳಲ್ಲಿ ದಪ್ಪನೆಯ ಬೆಳ್ಳಿಯುಂಗುರವಿತ್ತು. ಅಷ್ಟು ದಿನ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. "ಗ್ಲೌಸ್ ಹಾಕೊಂಡಿದ್ದೆ ಮೇಡಂ, ಉಂಗುರ ತೆಗೆಯೋದು ಮರೆತಿತ್ತು," ಅಂದ. ದ್ಯಾವಮ್ಮನಿಗೆ ಅರಿವಳಿಕೆ ಕೊಟ್ಟ ಮೇಲೆಯೇ ಮಂಚದ ಹತ್ತಿರ ಹೋಗಿದ್ದಂತೆ. ಅದಕ್ಕೆ ಮೊದಲು ಕಂಪ್ಯೂಟರಿನ ಹಿಂದೆ ಇದ್ದನಂತೆ. ನಾನು ಅಷ್ಟಕ್ಕೂ ಬಿಡದೆ ಒಳಗಿದ್ದ ಒಬ್ಬೊಬ್ಬರನ್ನೂ ಕೇಳಿದೆ. ಕೈ ಹಿಡಿದದ್ದು ಪ್ರದೀಪ ಅನ್ನುವ ಮಾತನ್ನು ಯಾರೂ ಹೊರಗೆ ಆಡಿರಲಿಲ್ಲ. ಆಡುವಂಥ ಮಾತು ಅಂತಲೂ ಅವರಿಗೆ ಅನ್ನಿಸಿರಲಿಲ್ಲ.

ಇದನ್ನೆಲ್ಲ ಕೇಳಿದ ಶಾಹೀನ್ ಮೇಡಂ ಕುರ್ಚಿ ಎಳೆದು ಕೂತರು. "ಆಕಿ ಒಳಗಿದ್ಲು," ಅಂದರು. "ಸರೋಜಾ, ಆಕಿ ಅಲ್ಲೇ ಇದ್ಲು, ನಾ ಮೆಷೀನ್ ನೋಡಾಕತ್ತಿದ್ದೆ." ಕಣ್ಣಲ್ಲಿ ನೀರು ತುಂಬಿದ್ದನ್ನು ಅವರು ಮುಚ್ಚಿಕೊಳ್ಳಲಿಲ್ಲ.

ಪ್ರದೀಪನಿಗೆ ಮಾತ್ರ ತಲೆ ಕೆಟ್ಟುಹೋಯಿತು. ಡಂಗುರದವರು, ಹೆಣಿಗೆಯವರು, ಮುಂಭಾಗದವರು, ಹಿಂಭಾಗದವರು ಎಲ್ಲರೂ ಅರಿವನ್ನು ಹುಡುಕುತ್ತಿದ್ದರು. ಆ ಅರಿವಿಗೆ ಮಾನ ಮರ್ಯಾದೆಯೂ ಇರುತ್ತದೆ, ಕೇಳಿದ್ದಕ್ಕೆಲ್ಲ ಅದು ಓಗೊಡಬೇಕಾಗಿಲ್ಲ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಮಾತ್ರ ಒಂದು ವಿಚಿತ್ರ ಸಂತೋಷವಾಯಿತು. ಮೈಯೆಲ್ಲ ಸತ್ತ ಹಾಗೆ ಬಿದ್ದಿದ್ದಾಗಲೂ ದ್ಯಾವಮ್ಮ ಅನುಮಾನ ಪಟ್ಟಿದ್ದಳು. ಅನುಮಾನ ಪಡಬೇಕಾದರೆ ಒಳಗೆ ಒಬ್ಬರು ಇರಲೇಬೇಕು.

ನಾನು ಮತ್ತೆ ಅರಕೇರಾಕ್ಕೆ ಹೋಗಿ, ಶಾಹೀನ್ ಮೇಡಂ ಕೈಯಿಂದ ಫೋನಿನಲ್ಲಿ ಮಾತಾಡಿಸಿದೆ. "ನಿಂದು ಖರೆ ಅದ ದ್ಯಾವಮ್ಮಾ. ನಂದು ತಪ್ಪಾಗ್ಯಾದ. ಈ ಸಲ ನಾ ಹೆಚ್ಚಿಗಿ ನಿಗಾ ಇಡ್ತೀನಿ," ಅಂದರು ಅವರು. ಡಾಕ್ಟರು ತಪ್ಪಾಯಿತು ಅಂದದ್ದನ್ನು ದ್ಯಾವಮ್ಮ ಮೂರು ಮನೆಗೆ ಹೋಗಿ ಹೇಳಿ ಬಂದಳು. ಆಮೇಲೆ ನನಗೆ ಷರತ್ತು ಹಾಕಿದಳು.

"ಬರ್ತೀನಿ. ಆದ್ರ ಕೈ ನೀನಾ ಹಿಡೀಬೇಕು. ಮತ್ತ ಒಳಗ ಏನಾತು ಅಂತ ಹೊರಗ ಬಂದ ಮ್ಯಾಲ ಇದ್ದದ್ದು ಇದ್ದಂಗ ಹೇಳಬೇಕು. ಮುಚ್ಚಿಡಬಾರದು."

ಹೂಂ ಅಂದೆ.

ಹೀಗೆ, ಶಾಹೀನ್ ಮೇಡಂ ಸರ್ಜನ್ನರನ್ನು ಒಪ್ಪಿಸಿದ ಮೇಲೆ, ನಾನು ಹಸಿರು ಗೌನು, ಟೋಪಿ ಹಾಕಿಕೊಂಡು ಮೊದಲ ಸಲ ಥಿಯೇಟರಿನೊಳಗೆ ಕಾಲಿಟ್ಟೆ. ಹೊರಗೆ ಸಣ್ಣಗೆ ಮಳೆ. ಒಳಗೆ ಗಡಗಡ ನಡುಗಿಸುವ ಏಸಿ. ದ್ಯಾವಮ್ಮ ನನ್ನ ಮುಖ ನೋಡಿ, "ಅದೀಯಲ್ಲ," ಅಂದು ಕಣ್ಣು ಮುಚ್ಚಿದಳು. ತೋಳಿನ ಪಟ್ಟಿಗೆ ಗಾಳಿ ತುಂಬಿದರು. ನಾನು ಗ್ಲೌಸ್ ಕೂಡ ಹಾಕಿಕೊಳ್ಳದೆ ಆಕೆಯ ಅಂಗೈಯನ್ನು ನನ್ನ ಅಂಗೈಗೆ ಸೇರಿಸಿಕೊಂಡೆ. ಔಷಧಿ ಹೋಯಿತು, ಗಂಟಲಿಗೆ ನಳಿಕೆ ಹೋಯಿತು. ಮುಖದಲ್ಲಿ ಯಾರೂ ಇಲ್ಲದಂತಾಯಿತು. ಸ್ಕ್ರೀನಿನ ಮೇಲೆ ನಿದ್ದೆಯ ಗೆರೆಗಳು ಅಲೆಅಲೆಯಾಗಿ ಸಾಗುತ್ತಿದ್ದವು.

"ಕೇಳು," ಅಂದರು ಶಾಹೀನ್ ಮೇಡಂ.

ನಾನು ಆಕೆಯ ಕಿವಿಯ ಹತ್ತಿರ ಬಗ್ಗಿದೆ. "ದ್ಯಾವಮ್ಮಾರ, ನಾ ಸರೋಜಾ. ಕೇಳಿಸಿದ್ರ ಕೈ ಹಿಚುಕ್ರಿ."

ಏನಿಲ್ಲ. ನನಗೆ ಹಗುರವಾಯಿತು. ಮರುಗಳಿಗೆ ಆ ಗಟ್ಟಿ ಬೆರಳುಗಳು ನಿಧಾನಕ್ಕೆ ಬಂದು ನನ್ನ ಕೈಯನ್ನು ಹಿಡಿದವು. ಹಿಡಿದು ಹಿಚುಕಿದವು.

"ಹಿಚುಕಿದ್ಲು!" ಅಂತ ಕಿರುಚಿದೆ. ಹಿಂದಿನಿಂದ ಪ್ರದೀಪ "ಸಿಕ್ಕಿತು!" ಅಂದ. ಹೊಡೆಯಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಶಾಹೀನ್ ಮೇಡಂ ಆಗಲೇ ಔಷಧಿ ಏರಿಸುತ್ತಾ, "ನೋವದೇನ ಕೇಳು, ಜಲ್ದಿ," ಅಂದರು.

"ಯಮ್ಮಾ, ನೋವದೇನ್ರಿ? ಇದ್ರ ಎರಡು ಸಲ ಹಿಚುಕ್ರಿ. ಇಲ್ಲಂದ್ರ ಒಂದ ಸಲ."

ಒಂದು ಸಲ. ನಾನು ಕಾದೆ, ಇನ್ನೊಂದು ಬರಲಿಲ್ಲ. "ಅಂಜಬ್ಯಾಡ್ರಿ, ನಾ ಇಲ್ಲೇ ಅದೀನಿ, ಈಗ ನಿದ್ದಿ ಬರ್ತದ," ಅನ್ನುತ್ತಿದ್ದೆ. ಅನ್ನುತ್ತಿರುವಾಗಲೇ ಬೆರಳುಗಳು ಒಂದೊಂದಾಗಿ ಸಡಿಲಾದವು. ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಉತ್ತರವಿಲ್ಲ. ಆಮೇಲೆಯೇ ಸರ್ಜನ್ ಕೈಗೆ ಕತ್ತಿ ತೆಗೆದುಕೊಂಡರು.

ಮರುದಿನ ದ್ಯಾವಮ್ಮ ದಿಂಬಿಗೆ ಒರಗಿ ಕೂತಿದ್ದಳು. ಹೊಟ್ಟೆಯ ಮೇಲೆ ಚೀಲ ಇರಲಿಲ್ಲ. ಮುಖದಲ್ಲಿ ಗೆಲುವಿತ್ತು. ನನ್ನ ಮೂರು ಪ್ರಶ್ನೆ ಕೇಳಿದೆ. ಕಡೆಯದಾಗಿ ಏನು ನೆನಪಿದೆ? "ನಿನ್ನ ಮಕ." ಎದ್ದ ಮೇಲೆ? "ಬಾಯಿ ಒಣಗಿತ್ತು, ಆತ ನೀರು ಕೊಡವೊಲ್ಲ." ನಡುವೆ?

"ಏನಿಲ್ಲ ಯವ್ವಾ. ಇಂಥಾ ನಿದ್ದಿ ಮದುವಿ ಆದಾಗಿಂದ ಮಾಡಿಲ್ಲ. ಈ ಸಲ ಡಾಕ್ಟರಮ್ಮ ಬರೋಬರಿ ಕೊಟ್ಟಾಳ. ನಾ ಹಿಚುಕಲಿಲ್ಲ ಹೌದಿಲ್ಲ?"

ಎಚ್ಚರವಿದ್ದು ಆಮೇಲೆ ಅದರ ನೆನಪೇ ಉಳಿಯದೆ ಇರುವುದೂ ಉಂಟು ಅಂತ ಶಾಹೀನ್ ಮೇಡಂ ಹಿಂದಿನ ಸಂಜೆ ಹೇಳಿದ್ದರು. ಹೂಂ ಅಂದುಬಿಟ್ಟಿದ್ದರೆ ಎಲ್ಲರಿಗೂ ಸುಖ. ಆದರೆ ನಾನು ಮಾತು ಕೊಟ್ಟಿದ್ದೆ.

"ಹಿಚುಕಿದ್ರಿ," ಅಂದೆ. "ನಾ ಕೇಳಿದೆ, ನೀವು ಹಿಚುಕಿದ್ರಿ. ನೋವಿಲ್ಲ ಅಂತ ಒಂದ ಸಲ ಹಿಚುಕಿ ಹೇಳಿದ್ರಿ. ಆಮ್ಯಾಲ ನಿದ್ದಿ ಬಂತು."

ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು. ಹಾಲಿಗೆ ಬೆರಳು ಅದ್ದಿ ಹಾಲಿನವನನ್ನು ನೋಡುವ ನೋಟ.

"ಸುಳ್ಳ ಹೇಳಬ್ಯಾಡ."

"ಖರೇನ ಯಮ್ಮಾ. ಈ ಕೈಯಾಗ..."

"ನನಗ ಗೊತ್ತಿಲ್ದ ನಾ ಹೆಂಗ ಹಿಚುಕ್ಲಿ? ಆವತ್ತ ಎಚ್ಚರಿದ್ದೆ ಅಂದ್ರ ನೀವ್ಯಾರೂ ನಂಬಲಿಲ್ಲ. ಇವತ್ತ ಮಲಗಿದ್ದೆ ಅಂದ್ರೂ ನಂಬವೊಲ್ರಿ. ನನ್ನ ಬಗ್ಗೆ ನನಗಿಂತ ನಿಮಗಾ ಗೊತ್ತೇನು?"

ಹನುಮಂತ ನಡುವೆ ಬಂದು, "ಇರ್ಲಿ ಬಿಡ, ಮೇಡಂನೋರು ಚಾಷ್ಟಿ ಮಾಡಾಕತ್ತಾರ," ಅಂದ. ಆಕೆ ನಗಲಿಲ್ಲ. ಅವನ ಕೈಯಿಂದ ನೀರಿನ ಲೋಟ ಇಸಿದುಕೊಂಡು ಗುಟುಕರಿಸುತ್ತಾ, ಲೋಟದ ಅಂಚಿನ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ಬರುವಾಗ ಮಂಚದ ಮೇಲಿದ್ದ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.